ನಾಲ್ಕು ಮೂಲೆಯ ಎಡೆ

ಹಿರಿಯರ ಹಬ್ಬದಲ್ಲಿ ಊರಲ್ಲೆಲ್ಲ ಸತ್ತವರಿಗೆ ತಲೆಗೊಂದು ಎಡೆ. ನಮ್ಮ ಮನೆಯಲ್ಲಿ ಮಾತ್ರ ಒಬ್ಬ ಅತ್ತೆಗೆ ನಾಲ್ಕು. ನಾನು ಕಣ್ಣಾರೆ ಕಾಣದ ಆ ದೊಡ್ಡತಾಯಮ್ಮನಿಗೆ ಹೊಲದ ನಾಲ್ಕು ಮೂಲೆಯಲ್ಲಿ ನಾಲ್ಕು ಬಾಳೆಲೆ ಹಾಸಬೇಕು, ನಾಲ್ಕರ ಮೇಲೂ ಮುದ್ದೆ, ಕೋಳಿಸಾರು, ಒಡೆ, ಕಜ್ಜಾಯ ಇಡಬೇಕು, ನಾಲ್ಕನ್ನೂ ಕಾಗೆ ಮುಟ್ಟುವವರೆಗೆ ಕಾಯಬೇಕು. ನಲವತ್ನಾಲ್ಕು ವರ್ಷದಿಂದ ಆ ಒಡೆ ಸುಡುತ್ತಿರುವವಳು ಹನುಮಕ್ಕ, ಅಂದರೆ ನಾನು. ಬಾಣಲೆ ಮುಂದೆ ಕೂತು ಗೊಣಗದ ವರ್ಷವಿಲ್ಲ. ಬದುಕಿದ್ದಿದ್ದರೂ ಈ ಅತ್ತೆ ನನ್ನನ್ನು ಇಷ್ಟು ಗೋಳುಹೊಯ್ದುಕೊಳ್ಳುತ್ತಿರಲಿಲ್ಲ ಎಂದು ಎಷ್ಟೋ ಸಲ ಅಂದಿದ್ದೇನೆ.

ಕಾರಣ ಇಷ್ಟೇ. ನಮ್ಮ ಯಜಮಾನರು ಮುನಿವೆಂಕಟಪ್ಪನವರಿಗೆ ತಮ್ಮ ತಾಯಿಯನ್ನು ಎಲ್ಲಿ ಮಣ್ಣು ಮಾಡಿದರು ಎಂಬುದು ಗೊತ್ತಿಲ್ಲ. ನಮ್ಮಲ್ಲಿ ಸುಡುವ ಪದ್ಧತಿಯಿಲ್ಲ, ಸ್ವಂತ ಹೊಲದಲ್ಲಿ ಹೂಳುತ್ತೇವೆ. ಮೂರನೇ ದಿನ ಮಗ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟರೆ ಹೋದ ಜೀವಕ್ಕೆ ತಂಪು. ಅವರವ್ವ ಸತ್ತಾಗ ಇವರಿಗೆ ಐದು ವರ್ಷ. ಮಗು ಹೆದರೀತು ಎಂದು ಸುಂಕದಕಟ್ಟೆಯ ಸೋದರತ್ತೆಯ ಮನೆಗೆ ಸಾಗಿಸಿಬಿಟ್ಟರು. ತಿಂಗಳ ಮೇಲೆ ಕರೆದುಕೊಂಡು ಬಂದಾಗ ಮನೆಯಲ್ಲಿ ಅವ್ವ ಇರಲಿಲ್ಲ, ಹಾಲು ತುಪ್ಪವನ್ನು ಚಿಕ್ಕಪ್ಪ ಬಿಟ್ಟು ಮುಗಿಸಿದ್ದರು. ಅಪ್ಪ ಇನ್ನೊಂದು ಮದುವೆಯಾದರು. ಹೊಸ ಹೆಂಡತಿಯ ಎದುರಿಗೆ ಹಳೆಯವಳ ಮಾತು ಯಾರೂ ಎತ್ತಲಿಲ್ಲ. ಮೂರು ವರ್ಷ ನೇಗಿಲು ಹೊಡೆದ ಮೇಲೆ ಗುಡ್ಡೆಯೂ ಅಳಿಸಿಹೋಯಿತು. ಕೇಳಿದಾಗಲೆಲ್ಲ, ಹೊಲದ ಮೂಲೆಯಲ್ಲಿ ಮಲಗಿಸಿದೆವು ಎನ್ನುತ್ತಿದ್ದರಂತೆ. ಯಾವ ಮೂಲೆ ಎಂದು ಗಟ್ಟಿಯಾಗಿ ಕೇಳುವ ವಯಸ್ಸು ಇವರಿಗೆ ಬರುವಷ್ಟರಲ್ಲಿ ಹೇಳಬೇಕಾದವರೂ ಅದೇ ಹೊಲದಲ್ಲಿ ಮಲಗಿದ್ದರು.

ಇವರಿಗೆ ಅವ್ವನ ಮುಖ ನೆನಪಿಲ್ಲ. ನೆನಪಿರುವುದು ಗಾಜಿನ ಬಳೆಯ ಸದ್ದು ಮತ್ತು ಹರಳೆಣ್ಣೆಯ ವಾಸನೆ, ಅಷ್ಟೇ. ಕನಸಿನಲ್ಲಿ ಬರುತ್ತಾಳಂತೆ, ಯಾವಾಗಲೂ ಬೆನ್ನು ಹಾಕಿಕೊಂಡು. ಮುಂದೆ ಹೋಗಿ ಮುಖ ನೋಡೋಣ ಎಂದರೆ ಹೊಲ ಉದ್ದವಾಗುತ್ತ ಹೋಗುತ್ತದಂತೆ. ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿ ನಾನು ಅತ್ತಿದ್ದೆ. ಆಮೇಲೆ ಎಮ್ಮೆ, ಮಕ್ಕಳು, ಒಲೆ ಎಂದು ಅಳಲು ಪುರುಸೊತ್ತು ಸಿಗಲಿಲ್ಲ.

ಆ ಹೊಲಕ್ಕೆ ಕಲ್ಗುಡ್ಡೆ ಹೊಲ ಎಂದು ಹೆಸರು. ಉಲ್ಲಾಳದ ನಮ್ಮ ಮನೆಯಿಂದ ಕೆಂಗೇರಿ ಕಡೆಗೆ ಇಳಿಯುವ ದಾರಿಯಲ್ಲಿ ಇಪ್ಪತ್ತೆರಡು ಗುಂಟೆ. ಹಿಂದೆ ಅಲ್ಲಿ ದುಂಡಗೆ ಜೋಡಿಸಿದಂತೆ ಕಲ್ಲುಗಳಿದ್ದವಂತೆ, ಇವರ ತಾತ ಅವನ್ನೆಲ್ಲ ಉರುಳಿಸಿ ಬದುವಿಗೆ ಹಾಕಿದರಂತೆ. ಮಿಕ್ಕ ಜಮೀನೆಲ್ಲ ಲೇಔಟಾಯಿತು, ಇದೊಂದನ್ನು ಮಾತ್ರ ಯಜಮಾನರು ಕೊಡಲಿಲ್ಲ. ಮಗಳು ದಿವ್ಯ ಎಷ್ಟೋ ಸಲ ಹೇಳಿ ನೋಡಿದಳು. ಅವ್ವ ಯಾವ ಸೈಟಿನ ಬಚ್ಚಲ ಕೆಳಗೆ ಹೋಗಬೇಕು ಹೇಳು ಎಂದು ಇವರು ಕೇಳಿದ ಮೇಲೆ ಅವಳೂ ಸುಮ್ಮನಾದಳು. ಈಗ ಸುತ್ತ ಮೂರು ಮಹಡಿಯ ಮನೆಗಳು, ನಡುವೆ ನಮ್ಮ ರಾಗಿ. ದೂರದಲ್ಲಿ ಮೆಟ್ರೋ ಹೋಗುವುದು ಕಾಣುತ್ತದೆ, ಸದ್ದು ಕೇಳುವುದಿಲ್ಲ. ಮಧ್ಯಾಹ್ನ ಹೊಂಗೆ ಮರದ ಕೆಳಗೆ ಕೂತರೆ ಅದು ಈ ಲೋಕದ ರೈಲೇ ಅಲ್ಲವೇನೋ ಎನ್ನಿಸುತ್ತದೆ.

ಕಳೆದ ಶ್ರಾವಣದಲ್ಲಿ ಯಾರೋ ಪುಣ್ಯಾತ್ಮರು ಮನೆ ಒಡೆದ ಇಟ್ಟಿಗೆ ಚೂರೆಲ್ಲ ತಂದು ನಮ್ಮ ರಾಗಿ ಪೈರಿನ ಮೇಲೆ ಸುರಿದು ಹೋದರು. ಅವರ ವಂಶ ಉದ್ಧಾರವಾಗಲಿ. ಬೇಲಿ ಹಾಕಿಸದೆ ವಿಧಿಯಿಲ್ಲ ಎಂದು ಕಲ್ಲುಕಂಬ ತರಿಸಿ, ಗುಂಡಿ ತೆಗೆಯಲು ದುಂಡಪ್ಪನನ್ನು ಕರೆದೆವು. ಬಾದಾಮಿ ಸೀಮೆಯವನು, ಪಕ್ಕದ ಕಟ್ಟಡದ ಶೆಡ್ಡಿನಲ್ಲಿ ಹೆಂಡತಿಯೊಂದಿಗೆ ಇದ್ದಾನೆ, ಮಾತು ಕಡಿಮೆ ಕೆಲಸ ಜಾಸ್ತಿ. ಜಿನುಗು ಮಳೆ ಬರುತ್ತಿತ್ತು. ಹೊಂಗೆ ಮರದ ಮೂಲೆಯಲ್ಲಿ ಮೂರನೇ ಗುಂಡಿ ಮೂರಡಿ ಹೋಗಿತ್ತು. ಇದ್ದಕ್ಕಿದ್ದಂತೆ ಅವನು ಹಾರೆಯನ್ನು ಪಕ್ಕಕ್ಕಿಟ್ಟು, ಮಂಡಿಯೂರಿ, ಕೈಯಲ್ಲಿ ಮಣ್ಣು ಸರಿಸತೊಡಗಿದ. ನಾವಿಬ್ಬರೂ ಬಗ್ಗಿ ನೋಡಿದೆವು.

ಒಂದು ಮಡಕೆ. ಹೊರಗೆ ಕೆಂಪು, ಒಳಗೆ ಕಪ್ಪು, ಇವತ್ತು ತಿಕ್ಕಿಟ್ಟಂತೆ ಹೊಳಪು. ಬಾಯಿಗೆ ಬೋಗುಣಿ ಮುಚ್ಚಿತ್ತು, ಅದರ ಒಂದು ಬದಿ ಹಾರೆ ತಗುಲಿ ಒಡೆದಿತ್ತು. ಒಡೆದ ಕಡೆಯಿಂದ ಒಳಗೆ ಬೂದುಬಣ್ಣದ ಎಲುಬಿನ ಚೂರುಗಳು ಕಂಡವು, ಅವುಗಳ ಮೇಲೆ ಕೆಂಪು ಮಣಿ ಎರಡು.

ದುಂಡಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಅವರ ಊರ ಕಡೆ ಹೊಲ ಉಳುವಾಗ ಇಂಥವು ಸಿಗುತ್ತವಂತೆ, ಅಲ್ಲಿನ ಶಾಲೆಯ ಮಾಸ್ತರು ಮಕ್ಕಳಿಗೂ ದೊಡ್ಡವರಿಗೂ ಹೇಳಿಕೊಟ್ಟಿದ್ದಾರಂತೆ. ಎತ್ತಬಾರದು, ತೊಳೆಯಬಾರದು, ಕುಂಕುಮ ಹಚ್ಚಬಾರದು, ಮಳೆ ಬೀಳದಂತೆ ಮುಚ್ಚಿ, ಫೋಟೋ ಹೊಡೆದು, ಸರ್ಕಾರದವರಿಗೆ ತಿಳಿಸಬೇಕು.

"ಇದ್ದ ಜಾಗಾದಾಗ ಇರಬೇಕ್ರಿ ಯಜಮಾನ್ರ," ಎಂದ. "ಕಿತ್ತು ತಂದ್ರ ಬರೇ ಮಡಿಕಿ. ಇದ್ದಲ್ಲೇ ಇದ್ರ ಅದು ಮಾತಾಡ್ತೈತಿ ಅಂತಿದ್ರು ನಮ್ಮ ಮಾಸ್ತರು."

ಯಜಮಾನರು ಅವನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಐದು ವರ್ಷದ ಮಗುವಿನ ದನಿಯಲ್ಲಿ, "ಅವ್ವಾ" ಎಂದರು.

ರಟ್ಟೆ ಹಿಡಿದು ಮೆಲ್ಲಗೆ ಎಬ್ಬಿಸಿ ಕರೆದುಕೊಂಡು ಹೊರಟೆ. ಆದರೆ ನಾನು ಸುಮ್ಮನಿರುವ ಹೆಂಗಸಲ್ಲ. ಮನೆಗೆ ಬರುವ ದಾರಿಯಲ್ಲೇ ಹೇಳಿದೆ, ನಮ್ಮಲ್ಲಿ ಸುಡುವುದಿಲ್ಲ, ಸುಡದೆ ಎಲುಬು ಮಡಕೆಯೊಳಗೆ ಹೇಗೆ ಬಂತು? ಕೆಂಪು ಮಣಿ ನಿಮ್ಮವ್ವನಿಗೆ ಎಲ್ಲಿಂದ ಬರಬೇಕು, ತಾಳಿಗೆ ಚಿನ್ನದ ಗುಂಡೂ ಇರಲಿಲ್ಲ ಎಂದು ನೀವೇ ಹೇಳಿದ್ದಿರಿ. ಅವರು ಸ್ಕೂಟರನ್ನು ಇನ್ನಷ್ಟು ಜೋರಾಗಿ ಓಡಿಸಿದರು. ಮನೆ ಮುಂದೆ ಇಳಿದ ಮೇಲೆ ಹೇಳಿದ್ದು ಒಂದೇ ಮಾತು. ಯಾರಿಗೂ ತಿಳಿಸಬೇಡ, ತಿಳಿಸಿದರೆ ಅವಳನ್ನು ತಗೊಂಡು ಹೋಗಿಬಿಡುತ್ತಾರೆ. ದುಂಡಪ್ಪನಿಗೂ ಹಾಗೇ ಹೇಳಿದ್ದರು. ಅವನು ಮುಖ ಸಣ್ಣಗೆ ಮಾಡಿಕೊಂಡು, ಗುಂಡಿಯ ಮೇಲೊಂದು ತಗಡು ಮುಚ್ಚಿ ಬೇರೆ ಕೆಲಸಕ್ಕೆ ಹೋದ.

ಮೂರನೇ ದಿನ ಬೆಳಿಗ್ಗೆ ಯಜಮಾನರು ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಅರ್ಧ ಲೀಟರ್ ಹಾಲು ಮತ್ತು ಒಂದು ಬಟ್ಟಲು ತುಪ್ಪ ಕೇಳಿದರು. ಯಾಕೆ ಎಂದು ಕೇಳಬೇಕಾಗಿರಲಿಲ್ಲ. ಮನೆಯಲ್ಲಿ ಹಾಲಿರಲಿಲ್ಲ, ಬೀದಿ ತುದಿಯ ಜಗದಾಂಬಾಳ ಹಾಲಿನ ಬೂತಿಗೆ ಹೋದೆ. ಇವತ್ತೇನು ಹನುಮಕ್ಕ, ತುಪ್ಪ ಬೇರೆ, ಬೀಗರು ಬಂದವರೆ? ಎಂದು ಅವಳು ಕೇಳಿದಳು. ನಾಲಿಗೆ ತುದಿಗೆ ಬಂದ ಸುಳ್ಳನ್ನೇ ಹೇಳಿದ್ದರೆ ಏನಾಗುತ್ತಿತ್ತು ನನಗೆ? ಆದರೆ ಒಳಗೆ ಇಟ್ಟುಕೊಂಡದ್ದು ಮೂರು ದಿನದಿಂದ ಕುದಿಯುತ್ತಿತ್ತು. ಬಗ್ಗಿ, ಅವಳ ಕಿವಿಗಷ್ಟೇ ಹೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹೊಲದಲ್ಲಿ ಯಜಮಾನರು ತಗಡು ಸರಿಸಿ, ಒಡೆದ ಬೋಗುಣಿಯ ಸಂದಿನಲ್ಲಿ ಮೊದಲು ಹಾಲು ಬಿಟ್ಟರು, ಆಮೇಲೆ ತುಪ್ಪ. ಹಾಲು ಒಳಗಿಳಿದು ಮಣಿಗಳು ತೊಳೆದಂತಾಗಿ ಮಿಂಚಿದವು. ಮೋಡ ಕವಿದ ಬೆಳಗು, ರಾಗಿ ಪೈರು ಅಲ್ಲಾಡದೆ ನಿಂತಿತ್ತು. ಇವರು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಿಂತರು. ಕಣ್ಣು ಬಿಟ್ಟಾಗ ಅವರ ಮುಖ ಹಗುರವಾಗಿತ್ತು. ಮದುವೆಯ ದಿನವೂ ನಾನು ಆ ಮುಖ ಕಂಡಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಆಮೇಲಿನ ಹತ್ತು ದಿನ ನಮ್ಮಿಬ್ಬರಿಗೂ ನಿದ್ದೆಯಲ್ಲಿ ನಡೆದಂತೆ ಕಳೆಯಿತು. ಬೆಳಿಗ್ಗೆ ತಿಂಡಿ ತಿಂದು ಇವರು ಹೊಲಕ್ಕೆ ಹೊರಟರೆ ಬರುವುದು ಸಂಜೆಗೆ. ಹೊಂಗೆ ನೆರಳಲ್ಲಿ ಟವಲು ಹಾಸಿ, ತಗಡಿನ ಪಕ್ಕದಲ್ಲೇ ಮಲಗುತ್ತಿದ್ದರು. ಕನಸಿನಲ್ಲಿ ಹೊಲ ಉದ್ದವಾಗುವುದು ನಿಂತಿತಂತೆ. ಅವ್ವ ಇನ್ನೂ ತಿರುಗಿಲ್ಲ, ಆದರೆ ಹತ್ತಿರವೇ ಕೂತಿರುತ್ತಾಳೆ, ಬಳೆ ಸದ್ದಾಗುತ್ತದೆ ಎಂದು ಹೇಳಿದರು. ಬುತ್ತಿ ತೆಗೆದುಕೊಂಡು ಹೋಗಿ ನಾನೂ ಅಲ್ಲೇ ಕೂರತೊಡಗಿದೆ. ನಲವತ್ನಾಲ್ಕು ವರ್ಷದಲ್ಲಿ ಆಡದ ಮಾತುಗಳನ್ನು ಆ ಹತ್ತು ದಿನದಲ್ಲಿ ಆಡಿದೆವು. ಸುಂಕದಕಟ್ಟೆಯ ಅತ್ತೆ ಮನೆಯಲ್ಲಿ ದಿನಾ ಸಂಜೆ ಮಾಗಡಿ ರಸ್ತೆಗೆ ಬಂದು ಅವ್ವ ಬರುವಳೆಂದು ನಿಲ್ಲುತ್ತಿದ್ದರಂತೆ, ಬಸ್ಸಿನ ಧೂಳು ಇಳಿಯುವವರೆಗೂ.

ಒಂದು ಮಧ್ಯಾಹ್ನ ನನಗೂ ಅಲ್ಲೇ ಜೊಂಪು ಹತ್ತಿತು. ಪಕ್ಕದಲ್ಲಿ ಒಬ್ಬ ಹೆಂಗಸು ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಕತ್ತಿನಲ್ಲಿ ಕೆಂಪು ಮಣಿ. ಅವಳು ಸಿಪ್ಪೆ ಸುಲಿದಾಗ ಕಾಳಿನ ಬದಲು ಅದೇ ಕೆಂಪು ಮಣಿಗಳು ಮಡಿಲಿಗೆ ಉದುರುತ್ತಿದ್ದವು. ನಿಮ್ಮ ಮಗ ಬಂದಿದ್ದಾರಲ್ಲ ಅತ್ತೆ, ಒಂದು ಸಲ ಮುಖ ತೋರಿಸಬಾರದೆ? ಎಂದೆ. ಅವಳು ನನ್ನ ಕಡೆ ತಿರುಗಿದಳು. ಇಪ್ಪತ್ತರ ಹುಡುಗಿ. ನನ್ನ ಮಾತು ಅವಳಿಗೆ ಅರ್ಥವೇ ಆಗಲಿಲ್ಲ. ಯಾವುದೋ ದೂರದ ಭಾಷೆಯವರನ್ನು ನೋಡುವ ಹಾಗೆ ಪ್ರೀತಿಯಿಂದ ನಕ್ಕು, ಮತ್ತೆ ಕಾಯಿ ಬಿಡಿಸಲು ಬಗ್ಗಿದಳು. ಎಚ್ಚರವಾದಾಗ ಯಜಮಾನರು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ ಹೇಳಲು ಬಾಯಿ ಬರಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ತಗಡು ದೂರಕ್ಕೆ ಬಿದ್ದಿತ್ತು. ಗುಂಡಿಯ ಸುತ್ತ ಕೊಯ್ದ ನಿಂಬೆಹಣ್ಣು, ಕುಂಕುಮ, ಒಡೆದ ತೆಂಗಿನಕಾಯಿ. ಪಕ್ಕದಲ್ಲಿ ಯಾರೋ ಆಳುದ್ದ ಅಗೆದಿದ್ದರು. ಮಡಕೆಗೆ ಗೇಣು ಅಂತರದಲ್ಲಿ ಸನಿಕೆಯ ಗುರುತಿತ್ತು. ನಿಧಿ ಹುಡುಕುವವರು. ಕಿವಿಗೆ ಹೇಳಿದ ಮಾತು ಬೂತಿನಿಂದ ಹೊರಟು ಎಲ್ಲೆಲ್ಲಿ ಸುತ್ತಿತೋ, ಹಾಲಿನ ಪ್ಯಾಕೆಟ್ ಹೋಗುವ ಕಡೆಗೆಲ್ಲ ಹೋಗಿರಬೇಕು.

ಯಜಮಾನರು ಗುಂಡಿಗೆ ಇಳಿದು ಮಡಕೆಗೆ ಅಡ್ಡ ಕೂತುಬಿಟ್ಟರು. ಇಲ್ಲೇ ಶೆಡ್ಡು ಹಾಕಿಕೊಂಡು ಇರುತ್ತೇನೆ, ಯಾವನು ಬರುತ್ತಾನೋ ನೋಡುತ್ತೇನೆ ಎಂದು ತೊದಲಿದರು. ಅರವತ್ತೆಂಟು ವರ್ಷ, ಮಂಡಿ ನೋವು, ಸಕ್ಕರೆ ಕಾಯಿಲೆ. ನನಗೆ ನನ್ನ ನಾಲಿಗೆಯನ್ನೇ ಕಿತ್ತು ಹಾಕಬೇಕೆನಿಸಿತು. ಮುಚ್ಚಿಡಲಿಲ್ಲ, ಹೇಳಿದೆ. ಜಗದಾಂಬಾಳಿಗೆ ಹೇಳಿದವಳು ನಾನೇ, ಬೈಯುವುದಾದರೆ ಬೈದುಬಿಡಿ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇನ್ನೊಂದ್ಸಲ ಬಂದ್ರೆ ಒಡೆದಾಕ್ತಾರೆ ಕಣೇ," ಎಂದರು ಅಷ್ಟೇ. "ನಾನು ಕಾಯಕ್ಕಾಗಲ್ಲ."

ತಾವೇ ದುಂಡಪ್ಪನನ್ನು ಹುಡುಕಿಕೊಂಡು ಹೋದರು. ಅವನ ಫೋನಿನಲ್ಲಿ ಮೊದಲ ದಿನದ ಫೋಟೋ ಇತ್ತು, ಪಕ್ಕದಲ್ಲಿ ಅಳತೆಗೆಂದು ಅವನ ಬೀಡಿಕಟ್ಟು. ಅಳಿಸಿಬಿಡು ಎಂದು ಇವರು ಹೇಳಿದ್ದರು, ಅವನು ಅಳಿಸಿರಲಿಲ್ಲ. ಇಬ್ಬರೂ ಅದನ್ನು ಹಿಡಿದುಕೊಂಡು ವಿಲೇಜ್ ಅಕೌಂಟೆಂಟರ ಹತ್ತಿರ ಹೋದರು. ಅವರು ಪುರಾತತ್ವ ಇಲಾಖೆಗೆ ಫೋನು ಮಾಡಿದರು, ಒಂದು ಅರ್ಜಿ ಬರೆಸಿಕೊಂಡರು, ಯಾರೂ ಹತ್ತಿರ ಬರದ ಹಾಗೆ ಠಾಣೆಗೂ ಹೇಳಿದರು. ಇಲಾಖೆಯಿಂದ ಬರುವವರೆಗೆ ಎರಡು ದಿನ ದುಂಡಪ್ಪ ಮತ್ತು ಅವನ ಹೆಂಡತಿ ಹೊನ್ನವ್ವ ಹೊಂಗೆ ಮರದ ಕೆಳಗೇ ಇದ್ದರು. ಕೂಲಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ನಾನು ಎರಡು ಹೊತ್ತು ರೊಟ್ಟಿ ತಟ್ಟಿ ಒಯ್ದೆ. ನಮ್ಮ ರೊಟ್ಟಿ ದಪ್ಪವಾಯಿತು ಎಂದು ಹೊನ್ನವ್ವ ನಕ್ಕಳು.

ಬಂದವಳು ಬಿಂದುಶ್ರೀ ಎಂಬ ಹುಡುಗಿ, ಬಸವೇಶ್ವರನಗರದವಳು, ಮೂವತ್ತು ದಾಟಿರಲಿಕ್ಕಿಲ್ಲ. ಈ ಕೂಸಿಗೆ ಏನು ತಿಳಿದೀತು ಎಂದುಕೊಂಡೆ. ಅವಳು ಚಪ್ಪಲಿ ಬಿಟ್ಟು ಗುಂಡಿಗಿಳಿದು, ಮಡಕೆಯ ಪಕ್ಕದಲ್ಲಿ ಕಪ್ಪು ಬಿಳುಪು ಪಟ್ಟಿ ಇಟ್ಟು ಫೋಟೋ ತೆಗೆದು, ಟೇಪು ಹಿಡಿದು ಅಳೆದು, ಸಣ್ಣ ಬ್ರಷ್ಷಿನಿಂದ ಮಣ್ಣು ಸವರತೊಡಗಿದಳು. ಮಲಗಿದ ಮಗುವಿನ ಮುಖದ ಮೇಲಿನ ನೊಣ ಓಡಿಸುವಷ್ಟು ಮೆಲ್ಲಗೆ. ಅದನ್ನು ನೋಡಿದ ಮೇಲೆ ನನ್ನ ಬಾಯಿ ಮುಚ್ಚಿತು. ದುಂಡಪ್ಪನ ಬೀಡಿಕಟ್ಟಿನ ಫೋಟೋ ನೋಡಿ ತುಂಬ ಒಳ್ಳೆಯ ಕೆಲಸ ಮಾಡಿದಿರಿ ಎಂದಳು. ಅವನು ನಾಚಿಕೊಂಡ.

ಆಮೇಲೆ ತಲೆಯೆತ್ತಿ, ಮಡಕೆಗೆ ಯಾರಾದರೂ ಏನಾದರೂ ಹಾಕಿದ್ದೀರಾ ಎಂದು ಕೇಳಿದಳು. ನಿಧಿಯವರು ಚೆಲ್ಲಿದ ಕುಂಕುಮದ ವಿಷಯ ನಾನು ಹೇಳಿದೆ. ಯಜಮಾನರು ರಾಗಿ ಪೈರು ನೋಡುತ್ತ ನಿಂತಿದ್ದರು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಹೇಳದಿದ್ದರೆ ನಾನೂ ಹೇಳುತ್ತಿರಲಿಲ್ಲ, ಈ ಸಲ ನನ್ನ ನಾಲಿಗೆಗೆ ಬೀಗ ಹಾಕಿದ್ದೆ.

"ಹಾಲು ತುಪ್ಪ ಬಿಟ್ಟಿದೀನಿ ಮೇಡಂ," ಎಂದರು ಯಜಮಾನರು.

ಅವಳು ಬ್ರಷ್ಷು ನಿಲ್ಲಿಸಿದಳು. ಗದರುತ್ತಾಳೆ ಎಂದುಕೊಂಡೆವು. ಅವಳು ಗುಂಡಿಯಲ್ಲೇ ಕೂತು ನಿಧಾನವಾಗಿ ವಿವರಿಸಿದಳು. ಮಡಕೆಯೊಳಗಿನ ಮಣ್ಣು ಪರೀಕ್ಷೆಗೆ ಹೋಗುತ್ತದೆ. ನೀವು ಹೇಳದಿದ್ದರೆ, ಅದರಲ್ಲಿ ಹಾಲಿನ ಅಂಶ ಕಂಡು, ಆ ಕಾಲದವರೇ ಸತ್ತವರಿಗೆ ಹಾಲಿಟ್ಟಿದ್ದರು ಎಂದು ನಾನು ಬರೆದುಬಿಡುತ್ತಿದ್ದೆ, ಅದು ಪುಸ್ತಕಕ್ಕೆ ಸೇರಿ ಎಲ್ಲರೂ ನಂಬುತ್ತಿದ್ದರು ಎಂದಳು. ಇದು ಯಾವ ಕಾಲದ್ದು ಎಂದು ನಾನು ಕೇಳಿದೆ. ಪರೀಕ್ಷೆಯಾಗದೆ ಖಚಿತವಾಗಿ ಹೇಳಲಾಗದು, ನೋಡಿದರೆ ಎರಡು ಸಾವಿರ ವರ್ಷಕ್ಕೂ ಹಿಂದಿನದು, ಕಬ್ಬಿಣ ಕಾಯಿಸಲು ಕಲಿತ ಜನದ್ದು ಅನ್ನಿಸುತ್ತದೆ ಎಂದಳು. ಹೊಲಕ್ಕೆ ಕಲ್ಗುಡ್ಡೆ ಎಂಬ ಹೆಸರು ಬಂದ ಕಥೆ ಹೇಳಿದೆ. ಹಾಗಾದರೆ ನಿಮ್ಮ ತಾತ ಬದುವಿಗೆ ಉರುಳಿಸಿದ ಕಲ್ಲುಗಳು ಇವರ ಗೋರಿಯ ಸುತ್ತ ನಿಲ್ಲಿಸಿದ್ದವೇ ಇರಬೇಕು ಎಂದಳು.

ಎರಡು ಸಾವಿರ ವರ್ಷ. ನಾನು ಯಜಮಾನರ ಮುಖ ನೋಡಲು ಹೆದರಿದೆ.

"ನಂಗೊತ್ತಿತ್ತು ಮೇಡಂ," ಎಂದರು ಅವರು, ಸಮಾಧಾನವಾಗಿಯೇ. "ನಮ್ಮಲ್ಲಿ ಸುಡಲ್ಲ. ಮೊದಲ್ನೇ ದಿನಾನೇ ಗೊತ್ತಿತ್ತು. ಆದ್ರೆ ಈ ಕೈಯಿಂದ ಒಂದ್ಸಲ ಹಾಲು ಬಿಡ್ಬೇಕಿತ್ತು. ಯಾರಿಗಾದ್ರೂ ಸರಿ."

ನಾನು ಸೆರಗು ಬಾಯಿಗೊತ್ತಿಕೊಂಡೆ. ಇದು ಅವ್ವನಲ್ಲ ಎಂದು ಮೊದಲ ದಿನ ವಾದಿಸಿದವಳು, ಅವರ ಹಗುರವಾದ ಮುಖ ಕಂಡ ಮೇಲೆ ಆ ಮಾತನ್ನು ಹತ್ತು ದಿನ ಗುಟ್ಟಿನಂತೆ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಅದೇ ಗುಟ್ಟನ್ನು ನನಗೆ ತಿಳಿಯದಂತೆ ಕಾಯುತ್ತಿದ್ದರು. ನಲವತ್ನಾಲ್ಕು ವರ್ಷ ಒಡೆ ಸುಡುತ್ತ ಗೊಣಗಿದ ನನ್ನ ಮೇಲೆ ನನಗೇ ಸಿಟ್ಟು ಬಂತು.

ಬಿಂದುಶ್ರೀಗೆ ಎಲ್ಲವನ್ನೂ ಹೇಳಿದೆವು. ಅವ್ವ, ಸುಂಕದಕಟ್ಟೆ, ನಾಲ್ಕು ಮೂಲೆಯ ಎಡೆ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಮಡಕೆಯನ್ನು ಇಲಾಖೆಗೆ ಒಯ್ಯಬೇಕಾಗುತ್ತದೆ, ಎಲ್ಲಿಟ್ಟರೂ ನಿಮಗೆ ತಿಳಿಸುತ್ತೇನೆ, ಯಾವಾಗ ಬೇಕಾದರೂ ಬಂದು ನೋಡಬಹುದು ಎಂದಳು. ಮಿಕ್ಕ ಮೂಲೆಗಳನ್ನೂ ಪರೀಕ್ಷಿಸಲು ಒಪ್ಪಿಗೆ ಕೊಡುವಿರಾ ಎಂದು ಕೇಳಿದಳು. ಯಜಮಾನರು ಒಂದು ಷರತ್ತಿನ ಮೇಲೆ ಹೂಂ ಎಂದರು. ಗಾಜಿನ ಬಳೆ ತೊಟ್ಟು ಮಲಗಿದವಳು ಸಿಕ್ಕರೆ ಎಬ್ಬಿಸಬಾರದು, ಮಣ್ಣು ಮುಚ್ಚಿ ಇವರನ್ನು ಕರೆಯಬೇಕು. ಅವಳು ಆಗಲಿ ಎಂದಳು.

ಕೊನೆಗೆ ಒಂದು ದೊಡ್ಡ ಪುಸ್ತಕ ತೆಗೆದು ಬರೆಯಲು ಕೂತಳು. ಎಷ್ಟು ಆಳ, ಯಾವ ದಿಕ್ಕು, ಯಾರು ಮೊದಲು ಕಂಡವರು, ಎಲ್ಲ. ದುಂಡಪ್ಪನ ಹೆಸರನ್ನು ಅಪ್ಪನ ಹೆಸರು, ಊರಿನ ಸಮೇತ ಬರೆದಳು. ಹಾಲು ಎಷ್ಟು, ತುಪ್ಪ ಎಷ್ಟು ಎಂದು ಕೇಳಿ ಬರೆದಳು. ಅಲ್ಲಿ ಪೆನ್ನು ನಿಂತಿತು.

"ಬಿಟ್ಟವರು ಯಾರು ಅಂತ ಇಲ್ಲಿ ಬರೀಬೇಕು. ಜಮೀನಿನ ಮಾಲೀಕರು ಅಂತ ಹಾಕ್ಲಾ ಅಮ್ಮ?"

ಯಜಮಾನರು ಗುಂಡಿಯ ಅಂಚಿನಲ್ಲಿ, ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಕಾದು ನಿಂತ ಹುಡುಗನ ಹಾಗೆ ನಿಂತಿದ್ದರು. ನಾನೇ ಹೇಳಿದೆ.

"ಮಗ ಅಂತ ಬರ್ಕೊಳಮ್ಮ."

ಅವಳು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು. ಸರ್ಕಾರದ ಪುಸ್ತಕದಲ್ಲಿ ಹಾಗೆ ಬರೆಯಲಾಗುವುದಿಲ್ಲ ಎನ್ನುತ್ತಾಳೇನೋ ಎಂದುಕೊಂಡೆ. ಅವಳು ಬಗ್ಗಿ ಬರೆದಳು. ಯಜಮಾನರು ಕನ್ನಡಕ ಹಾಕಿಕೊಂಡು, ತೋರಿಸಿ ಎಂದು ಕೇಳಿ, ಆ ಎರಡು ಅಕ್ಷರಗಳ ಕೆಳಗೆ ಬೆರಳಾಡಿಸಿ ಓದಿದರು. ಒಂದು ಸಲ ಓದಿ, ಇನ್ನೊಂದು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು ಟವಲಿನಿಂದ ಮುಖ ಒರೆಸಿಕೊಂಡರು.

ಮನೆಗೆ ಬರುವಾಗ ಸ್ಕೂಟರ್ ಉಲ್ಲಾಳದ ಕೆರೆ ಏರಿ ದಾಟಿದ ಮೇಲೆ ಅವರು ತಿರುಗದೆ ಹೇಳಿದರು.

"ಈ ಸಲ ಹಬ್ಬಕ್ಕೆ ಐದು ಎಲೆ ಬೇಕಾಗ್ತದೆ ಕಣೇ."

ಕಡಲೆಬೇಳೆ ಸ್ವಲ್ಪ ಜಾಸ್ತಿ ನೆನೆಹಾಕುತ್ತೇನೆ ಬಿಡಿ ಎಂದೆ.